ಮಂತ್ರಿಗೆ ಕೋಟು ಹೊಲಿದವರ ಮಗಳು

ಟೀಚರಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಮುಖವಲ್ಲ, ಕಿವಿ. ಕೂದಲನ್ನು ಗಂಡುಹುಡುಗರ ಹಾಗೆ ಗಿಡ್ಡಕ್ಕೆ ಕತ್ತರಿಸಿಕೊಳ್ಳುತ್ತಿದ್ದುದರಿಂದ ಆ ಎರಡು ದೊಡ್ಡ ಕಿವಿಗಳು, ಅವುಗಳಲ್ಲಿ ಹೆಸರುಕಾಳಿನಷ್ಟು ಬಂಗಾರದ ಓಲೆ, ಎಲ್ಲರಿಗೂ ಎದ್ದು ಕಾಣುತ್ತಿದ್ದವು. ಹಾಲೆಯಲ್ಲಿ ಶುರುವಾದ ಕೆಂಪು ಮೇಲೇರುತ್ತಿದ್ದ ಹಾಗೆ ಮಕ್ಕಳು ಪೆನ್ಸಿಲು ಕೆಳಗಿಟ್ಟು ನೆಟ್ಟಗೆ ಕೂರುತ್ತಿದ್ದರು. ದನಿ ಮಾತ್ರ ಏರುತ್ತಲೇ ಇರಲಿಲ್ಲ. ಏರಿದ್ದರೆ ವಾಸಿಯಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೂಗಾಡುವವರನ್ನು ಈ ಜಗತ್ತು ಸಮಾಧಾನ ಮಾಡಿ ಕಳಿಸುತ್ತದೆ. ಮೆಲ್ಲಗೆ ಮಾತಾಡುವವರನ್ನು ಕಂಡರೇ ಅದಕ್ಕೆ ಆಗಿಬರುವುದಿಲ್ಲ.

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ನಮ್ಮ ಕಟ್ಟಡದಲ್ಲಿ ಅವರದು ಮೂರನೆಯ ಮಹಡಿ, ನಮ್ಮದು ಎರಡನೆಯದು. ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ, ಮಗನ ವೀಸಾದ ಮೇಲೆ ಇದ್ದರು. ಮನೆಮಾತು ಕೊಂಕಣಿ, ಊರು ಉಡುಪಿ ಕಡೆ. ಕಟ್ಟಡದ ಮಲಯಾಳಿಗಳಿಂದ ಹಿಡಿದು ಕೆಳಗಿನ ಗ್ರೋಸರಿಯವನವರೆಗೆ ಎಲ್ಲರಿಗೂ ಅವರು ಬರೀ ಟೀಚರ್. ಇಲ್ಲಿ ರಜಾದಿನವಾದ ಶುಕ್ರವಾರ ಬೆಳಿಗ್ಗೆ ಚರ್ಚು, ಅಲ್ಲಿಂದ ಮೀನು ಮಾರ್ಕೆಟ್ಟು, ಶನಿವಾರ ಸಂಜೆ ಕಟ್ಟಡದ ಮಕ್ಕಳಿಗೆ ಪುಕ್ಕಟೆ ಕನ್ನಡ ಪಾಠ.

ನಾನು ಮೈಸೂರಿನವಳು. ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಟೀಚರ ಕೈಗೆ ಸಿಗುವ ತನಕ ಅವಳ ಕನ್ನಡದಲ್ಲಿ ಬೆಕ್ಕು ಬಂದರು, ಅಜ್ಜಿ ಬಂತು. ಅದನ್ನು ತಿದ್ದಿ, ಉದ್ದುದ್ದ ವಾಕ್ಯ ಮಾತಾಡುವ ಹಾಗೆ ಮಾಡಿದ್ದು ಟೀಚರೇ. ಅವರ ಪಾಠದಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಮಕ್ಕಳು ಏನೇ ವಾಕ್ಯ ಹೇಳಲಿ, "ಯಾರಿಗೆ?" ಎಂದು ಕೇಳುವುದು. ಊರಿಗೆ ರಸ್ತೆ ಬಂತು ಎಂದರೆ ಯಾರಿಗೆ ಬಂತು, ಗಾಡಿ ಇದ್ದವರಿಗಾ, ನಡೆಯುವವರಿಗಾ? ರಾಜ ಕೆರೆ ಕಟ್ಟಿಸಿದ ಎಂದರೆ ಆ ಕೆರೆಯ ನೀರು ಯಾರಿಗೆ? ಮಕ್ಕಳು ಇದನ್ನೊಂದು ಆಟ ಮಾಡಿಕೊಂಡು, "ಟೀಚರ್, ನನಗೆ ಹಸಿವಾಯಿತು, ನನಗೇ ಆಯಿತು" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಅವರೂ ನಗುತ್ತಿದ್ದರು. ಆ ಪ್ರಶ್ನೆ ಅವರಿಗೆ ಎಲ್ಲಿಂದ ಬಂತು ಎಂಬುದು ನನಗೆ ತಿಳಿದದ್ದು ಒಂದು ಶೀಲ್ಡಿನ ದೆಸೆಯಿಂದ.

ಆಗಸ್ಟಿನಲ್ಲಿ ದೋಹಾದಲ್ಲಿ ಯಾರಿರುತ್ತಾರೆ? ಸಂಸಾರಸ್ಥರೆಲ್ಲ ಊರಿಗೆ ಹೋಗಿರುತ್ತಾರೆ. ಹಾಗಾಗಿ ನಮ್ಮ ಕನ್ನಡದವರ ಕೂಟದ ಸ್ವಾತಂತ್ರ್ಯೋತ್ಸವ ನಡೆಯುವುದು ಸೆಪ್ಟೆಂಬರಿನಲ್ಲಿ, ಎಲ್ಲರೂ ಉಪ್ಪಿನಕಾಯಿ ಹಪ್ಪಳ ಕಟ್ಟಿಕೊಂಡು ವಾಪಸಾದ ಮೇಲೆ. ಆ ವರ್ಷ ಮಕ್ಕಳ ಭಾಷಣ ಸ್ಪರ್ಧೆಗೆ ಹೊಸದಾಗಿ, ಪ್ರತಿ ವರ್ಷ ಗೆದ್ದವರ ಕೈಗೆ ದಾಟುವ ಒಂದು ರೋಲಿಂಗ್ ಶೀಲ್ಡ್ ಬಂತು. ಕೊಟ್ಟದ್ದು ಟೀಚರ ಮಗ ಕೆಲಸ ಮಾಡುತ್ತಿದ್ದ ಕಂಪನಿಯ ದೊಡ್ಡ ಸಾಹೇಬ, ಬಿಳಿಯ. ಸ್ಪರ್ಧೆಯ ವಿಷಯ ಸ್ವಾತಂತ್ರ್ಯ ಎಂದು ಕೇಳಿ ಖುಷಿಯಾಗಿ, ತನ್ನ ತಾತನ ಹೆಸರಿನಲ್ಲಿ ಕೊಡುತ್ತೇನೆಂದು ತಾನಾಗಿಯೇ ಮುಂದೆ ಬಂದಿದ್ದ. ತಾತ ಆಫ್ರಿಕಾದ ಒಂದು ದೇಶದಲ್ಲಿ ಮಂತ್ರಿಯಾಗಿದ್ದವನು. ಬ್ರಿಟನ್ನಿನಿಂದ ಸ್ವಾತಂತ್ರ್ಯ ಘೋಷಿಸಿದ ಮಂತ್ರಿಮಂಡಲದಲ್ಲಿ ಇದ್ದವನು ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಪರಿಚಯವನ್ನೂ ಕಳಿಸಿದ.

ನಮ್ಮ ಕೂಟದ ಕಾರ್ಯದರ್ಶಿ ಬೆಂಗಳೂರಿನವರು, ಉತ್ಸಾಹಿ. ಆ ಪುಟವನ್ನು ಅವರೇ ಕನ್ನಡಕ್ಕೆ ತಂದರು. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಎಂಬ ಮಾತು ಕಣ್ಣಿಗೆ ಬಿದ್ದ ಕೂಡಲೇ ಕನ್ನಡದವನ ಕೈ ಮುಂದಿನದನ್ನು ತಾನೇ ಬರೆದುಬಿಡುತ್ತದೆ. ಶಾಲೆಯಲ್ಲಿ ಅಷ್ಟು ಸಲ ಬರೆದಿರುತ್ತೇವಲ್ಲ. "ಬ್ರಿಟಿಷರ ದಬ್ಬಾಳಿಕೆಯ ವಿರುದ್ಧ ಎದೆಯೊಡ್ಡಿ ನಿಂತು ನಾಡಿಗೆ ಸ್ವಾತಂತ್ರ್ಯ ತಂದ ಧೀಮಂತ ಹೋರಾಟಗಾರ" ಎಂದು ಅವರು ಬರೆದರು. ಶೀಲ್ಡಿನ ಹಿತ್ತಾಳೆಯ ಮೇಲೆ ಮಂತ್ರಿಯ ಹೆಸರಿನ ಕೆಳಗೆ "ಸ್ವಾತಂತ್ರ್ಯ ಹೋರಾಟಗಾರರ ಸ್ಮರಣಾರ್ಥ" ಎಂದು ಕನ್ನಡದಲ್ಲೇ ಕೆತ್ತಿಸಿದರು. ಸಾಲದು ಎಂದು, ಸಾಹೇಬ ಎದುರಿಗೆ ಕೂತಿರುವಾಗ ಒಂದು ಮಗುವಾದರೂ ಆ ಮಂತ್ರಿಯ ಮೇಲೆ ಭಾಷಣ ಮಾಡಿದರೆ ಚೆನ್ನ ಎಂದು ಅದನ್ನು ನನ್ನ ಮಗಳ ತಲೆಗೆ ಕಟ್ಟಿದರು.

ಸ್ಪರ್ಧೆಯ ಮುಖ್ಯ ತೀರ್ಪುಗಾರರು ಎಂದಿನಂತೆ ಟೀಚರೇ. ಆದರೂ ಉಚ್ಚಾರ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲವೆಂದು ಮಗಳನ್ನು ಮೇಲಿನ ಮನೆಗೆ ಕರೆದುಕೊಂಡು ಹೋದೆ. ಅವಳು ಸೋಫಾದ ಎದುರು ನಿಂತು ಮಂತ್ರಿಯ ಹೆಸರು, ದೇಶದ ಹೆಸರು, ಎದೆಯೊಡ್ಡಿ ನಿಂತದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಟೀಚರು ಎಂದಿನಂತೆ ಯಾರಿಗೆ ಎಂದು ಕೇಳಲಿಲ್ಲ. ಕಿವಿ ಮಾತ್ರ ನಾನು ಕಂಡಿರದ ಬಣ್ಣಕ್ಕೆ ತಿರುಗಿತು. ಇನ್ನೊಮ್ಮೆ ಆ ಹೆಸರು ಹೇಳು ಮಗಾ ಅಂದರು. ಅವಳು ಹೇಳಿದಳು. ಅವರು ಎದ್ದು ಹೋಗಿ ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿದು ಬಂದರು.

"ಇವ ನಮ್ಮ ಅಂಗಡಿಗೆ ಬರ್ತಿದ್ದ ಮಾರಾಯ್ತಿ," ಎಂದರು ನನ್ನ ಕಡೆ ತಿರುಗಿ. "ನನ್ನ ಅಪ್ಪ ಇವನ ಕೋಟು ಹೊಲಿದದ್ದು."

ಅವರು ಹುಟ್ಟಿದ್ದು ಆಫ್ರಿಕಾದಲ್ಲಿ ಎಂದು ನನಗೆ ಗೊತ್ತಾದದ್ದು ಆಗ. ಅಪ್ಪ ಹರೆಯದಲ್ಲೇ ಹಡಗು ಹತ್ತಿ ಮೊದಲು ಮೊಜಾಂಬಿಕಿಗೆ ಹೋಗಿ, ಅಲ್ಲಿಂದ ರೊಡೇಷಿಯಾಕ್ಕೆ ಬಂದು ದರ್ಜಿ ಅಂಗಡಿ ಇಟ್ಟವರು. ಇಂದು ಆ ದೇಶಕ್ಕೆ ಜಿಂಬಾಬ್ವೆ ಎಂದು ಹೆಸರು. ಆಗ ಅದು ಬ್ರಿಟಿಷರ ವಸಾಹತು; ಬೆರಳೆಣಿಕೆಯ ಬಿಳಿಯರು ಆಳುತ್ತಿದ್ದರು. ಆಫ್ರಿಕನ್ನರಿಗೂ ಅಧಿಕಾರದಲ್ಲಿ ಪಾಲು ಕೊಡುವ ದಾರಿ ಮಾಡಿ, ಆಮೇಲೆ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಲಂಡನ್ನಿನವರು ಹೇಳಿದರು. ಅದೊಂದು ಮಾತ್ರ ಆಗದು ಎಂದು ಅಲ್ಲಿನ ಬಿಳಿಯರು ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡು, ಬ್ರಿಟನ್ನಿನಿಂದ ಸಿಡಿದು ತಮ್ಮದೇ ಸರ್ಕಾರ ಮಾಡಿಕೊಂಡರು. ಅಂದರೆ ಬೇರೆಯವರಿಗೆ ಸ್ವಾತಂತ್ರ್ಯ ಸಿಗದಿರಲಿ ಎಂದು ಘೋಷಿಸಿದ ಸ್ವಾತಂತ್ರ್ಯ ಅದು. ಇಂಥದ್ದೂ ಇರುತ್ತದೆ ಎಂದು ನಮಗೆ ಯಾವ ಪಾಠಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಆ ಮಂತ್ರಿಯ ಬದುಕನ್ನು ಟೀಚರು ನನಗೆ ಅವನ ಬಟ್ಟೆಯ ಲೆಕ್ಕದಲ್ಲೇ ಹೇಳಿದರು. ಮೊದಲು ಬಂದಾಗ ಅವನು ತಂಬಾಕಿನ ದೊಡ್ಡ ಬೇಸಾಯಗಾರ. ಖಾಕಿ ಜಾಕೀಟು ಹೊಲಿಸಿಕೊಂಡ. ಪಾರ್ಲಿಮೆಂಟಿಗೆ ಗೆದ್ದಾಗ ಬೂದು ಬಣ್ಣದ ಸೂಟು. ಕೆಲಸ ಅವನಿಗೆ ಹಿಡಿಸಿತು, ಬೇರೆ ಬಿಳಿಯರನ್ನೂ ಕಳಿಸಿದ. ಅಪ್ಪನ ವಯಸ್ಸು ಅವನಷ್ಟೇ. ಆದರೂ ಅಪ್ಪನನ್ನು ಹುಡುಗ ಎಂದೇ ಕರೆಯುತ್ತಿದ್ದ. ಅಪ್ಪ ಅದನ್ನು ನುಂಗಿಕೊಂಡು ಪಿನ್ನು ಚುಚ್ಚುತ್ತಿದ್ದರು. ಮಂತ್ರಿಯಾದಾಗ ಕಡುನೀಲಿ ಸೂಟು. ಸ್ವಾತಂತ್ರ್ಯ ಘೋಷಿಸಿದ ದಿನ ಅವನು ತೊಟ್ಟಿದ್ದು ಅದೇ.

ಘೋಷಣೆ ರೇಡಿಯೋದಲ್ಲಿ ಬಂತು. ಟೀಚರ ತಾಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಂಡಿಯಾಕ್ಕೆ ಸ್ವಾತಂತ್ರ್ಯ ಬಂದಾಗ ಊರಿನಲ್ಲೇ ಇದ್ದವರು ಅವರು, ಮದುವೆಯಾಗಿ ಬಂದದ್ದು ಆಮೇಲೆ. ಬ್ರಿಟನ್, ಇಂಡಿಪೆಂಡೆನ್ಸ್ ಎಂಬ ಎರಡು ಪದ ಕಿವಿಗೆ ಬಿದ್ದದ್ದೇ ತಡ, ಎದ್ದು ಕಡಲೆಬೇಳೆ ಬೇಯಿಸಿ ಪಾಯಸ ಮಾಡಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಲು ಕಳಿಸಿದರು. ಬಟ್ಟಲು ಹಿಡಿದುಕೊಂಡು ಹೋದದ್ದು ಟೀಚರು, ಆಗ ಸಣ್ಣ ಹುಡುಗಿ. ಪಕ್ಕದ ಗುಜರಾತಿ ಮನೆಯಾಕೆ ಬಟ್ಟಲನ್ನು ಮುಟ್ಟದೆ ಹಿಂದಕ್ಕೆ ಕಳಿಸಿದಳು. ಇದು ನಮಗೆ ಬಂದದ್ದಲ್ಲ, ನಿನ್ನ ತಾಯಿಗೆ ತಿಳಿಸಿ ಹೇಳು ಅಂದಳಂತೆ. ಮನೆಯವರೆಲ್ಲ ಕೂತು ಆ ಪಾಯಸ ತಾವೇ ತಿಂದರು. ಇದನ್ನು ಹೇಳುವಾಗ ಟೀಚರಿಗೆ ನಗು ತಡೆಯಲಾಗಲಿಲ್ಲ. ನಿಮ್ಮ ಕಾರ್ಯದರ್ಶಿಯನ್ನು ನಾನು ಯಾವ ಬಾಯಲ್ಲಿ ಬೈಯಲಿ, ನನ್ನ ತಾಯಿಯೇ ಮಾಡಿದ ತಪ್ಪಲ್ಲವಾ ಇದು ಎಂದರು.

ಆಮೇಲಿನದು ನಗುವಂಥದ್ದಲ್ಲ. ಮಂತ್ರಿಯ ಸೊಂಟದ ಸುತ್ತಳತೆ ಬೆಳೆಯಿತು, ಖಾತೆ ಬದಲಾಯಿತು. ಅಂಗಡಿಯಿದ್ದ ಬೀದಿ ಬಿಳಿಯರಿಗೆ ಮೀಸಲು, ಇಂಡಿಯಾದವರು ಖಾಲಿ ಮಾಡಬೇಕು ಎಂಬ ಮಾತು ಬಂದಾಗ ಅಪ್ಪ ಅವನನ್ನೇ ಕೇಳಿದರು. ಅವನು ಅಳತೆ ಕೊಡಲು ಎರಡೂ ಕೈ ಚಾಚಿ ನಿಂತಿದ್ದನಂತೆ. ನಿಮ್ಮ ಜನರ ನಡುವೆ ನೀವು ಇನ್ನೂ ಸುಖವಾಗಿರುತ್ತೀರಿ ಎಂದ. ಅಷ್ಟೇ. ಅಂಗಡಿ ಊರಾಚೆಯ ಇಂಡಿಯನ್ನರ ಕೇರಿಗೆ ಹೋಯಿತು. ಅಲ್ಲಿಗೆ ಅವನು ಕಾಲಿಡಲಿಲ್ಲ. ಡ್ರೈವರ್ ಹಳೆಯ ಕೋಟು ತಂದುಕೊಟ್ಟು, ಇದರ ಮೇಲಿಂದ ಅಳತೆ ತೆಗೆದುಕೋ ಎಂದು ಹೇಳಿಹೋಗುತ್ತಿದ್ದ. ಅಪ್ಪ ಹೊಲಿದರು. ಹೊಲಿಯದೆ ಏನು ಮಾಡಬೇಕಿತ್ತು ಎಂದು ಕೇಳಬೇಡ ಅಂದರು ಟೀಚರು. ನಾನು ಕೇಳಿರಲಿಲ್ಲ.

ಕಾಡಿನಲ್ಲಿ ಯುದ್ಧ ಶುರುವಾಯಿತು. ದೇಶ ತಮ್ಮದೆಂದು ಆಫ್ರಿಕನ್ನರು ಬಂದೂಕು ಹಿಡಿದಿದ್ದರು. ಬಿಳಿಯರು ಸಾಲದಾದಾಗ ಸರ್ಕಾರ ಇಂಡಿಯನ್ನರ ಗಂಡುಮಕ್ಕಳನ್ನೂ ಕಡ್ಡಾಯವಾಗಿ ಸೇನೆಗೆ ಎಳೆಯಿತು. ಆ ಬೀದಿಯಲ್ಲಿ ಅಂಗಡಿ ಇಡುವ ಯೋಗ್ಯತೆ ಇಲ್ಲದವರಿಗೆ ಅದನ್ನು ಕಾಯುತ್ತಾ ಸಾಯುವ ಯೋಗ್ಯತೆ ಇತ್ತು ನೋಡಿ. ಟೀಚರಿಗೆ ಒಬ್ಬನೇ ಅಣ್ಣ. ಅವನಿಗೆ ಬಂದೂಕಿನ ಬದಲು ಲಾರಿ ಕೊಟ್ಟರು. ಮಣ್ಣುರಸ್ತೆಯಲ್ಲಿ ಹೂತಿಟ್ಟ ಬಾಂಬಿನ ಮೇಲೆ ಲಾರಿ ಹತ್ತಿತು.

ಶವ ಬಂದ ಮಾರನೆಯ ದಿನ ಮಂತ್ರಿಯ ಕಾರು ಕೇರಿಗೆ ಬಂತು. ಅವನು ಇಳಿಯಲಿಲ್ಲ. ಗಾಜು ಇಳಿಸಿ, ನಿನ್ನ ಮಗ ನಮ್ಮ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ಎಂದು ಹೇಳಿ ಹೋದ. ಅಪ್ಪ ಒಳಗೆ ಬಂದು ತಾಯಿಗೆ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಕೊಂಕಣಿಯಲ್ಲಿ ಹೇಳಿದರು. ಇಂಗ್ಲಿಷಿನ ಹಾಗಲ್ಲ ಕೊಂಕಣಿ; ಅದರಲ್ಲಿ ನಮ್ಮ ಎಂದರೆ ಮನೆಯವರದ್ದು ಎಂದೇ ಕೇಳಿಸುತ್ತದೆ. ತಾಯಿ ಅಳು ನಿಲ್ಲಿಸಿ ಕೇಳಿದರಂತೆ: "ನಮ್ಮದಾ, ಅವರದ್ದಾ?"

ಅಲ್ಲಿಂದ ಮುಂದೆ ಅಪ್ಪ ಆ ಮಂತ್ರಿಗೆ ಒಂದು ಗುಂಡಿಯನ್ನೂ ಹೊಲಿದುಕೊಡಲಿಲ್ಲ. ಇದ್ದದ್ದನ್ನು ಮಾರಿ ಸಂಸಾರ ಸಮೇತ ಊರಿಗೆ ವಾಪಸಾದರು. ಕೆಲವು ವರ್ಷದಲ್ಲಿ ಆ ಸರ್ಕಾರವೂ ಹೋಯಿತು, ದೇಶದ ಹೆಸರೂ ಹೋಯಿತು. ಮಂತ್ರಿ ಏನಾದ ಎಂದು ಕೇಳಿದೆ. ಏನಾಗುತ್ತಾನೆ, ಪಕ್ಕದ ದೇಶದ ಸಮುದ್ರದ ದಡದಲ್ಲಿ ಮನೆ ಕಟ್ಟಿಕೊಂಡು, ಮುಪ್ಪಿನಲ್ಲಿ, ತನ್ನದೇ ಹಾಸಿಗೆಯಲ್ಲಿ, ಮೊಮ್ಮಕ್ಕಳು ಸುತ್ತ ಇರುವಾಗ ಸತ್ತನಂತೆ. ಒಂದು ದಿನವೂ ಯಾರೂ ಅವನನ್ನು ನಿಲ್ಲಿಸಿ ಏನನ್ನೂ ಕೇಳಲಿಲ್ಲ. ಈಗ ದೋಹಾದಲ್ಲಿ ಕನ್ನಡದವರ ಕೈಯಲ್ಲಿ ಹಿತ್ತಾಳೆ ಅಕ್ಷರದ ಹೋರಾಟಗಾರನಾಗಿದ್ದಾನೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಟೀಚರು ಮೊದಲು ಮಾಡಿದ ಕೆಲಸ ನನ್ನ ಮಗಳನ್ನು ಸ್ಪರ್ಧೆಯಿಂದ ಬಿಡಿಸಿದ್ದು. ನಾನು ಹುಮ್ಮಸ್ಸಿನಲ್ಲಿ, ಅವಳ ಬಾಯಿಂದಲೇ ನಿಜ ಹೇಳಿಸೋಣ ಟೀಚರ್ ಅಂದಿದ್ದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ದೊಡ್ಡವರ ಜಗಳಕ್ಕೆ ಮಗುವನ್ನು ಮುಂದೆ ಬಿಡುವುದೂ ಅವನು ನನ್ನ ಅಣ್ಣನನ್ನು ಲಾರಿಗೆ ಹತ್ತಿಸಿದ್ದೂ ಹೆಚ್ಚು ದೂರ ಇಲ್ಲ ಎಂದರು. ನನ್ನ ಹುಮ್ಮಸ್ಸು ಅಲ್ಲಿಗೆ ಇಳಿಯಿತು.

ಎರಡನೆಯ ಕೆಲಸ, ಕಾರ್ಯದರ್ಶಿಯನ್ನು ಮನೆಗೆ ಕರೆಸಿದ್ದು. ಚಹಾ ಕೊಟ್ಟು, ಎಲ್ಲವನ್ನೂ ಹೇಳಿ, ಶೀಲ್ಡ್ ಬೇಡ ಅನ್ನುವುದಿಲ್ಲ, ಆ ಒಂದು ಪದ ತೆಗೆಸಿ ಎಂದು ಕೇಳಿದರು. ಕಾರ್ಯದರ್ಶಿಗೆ ನಿಜವಾಗಿಯೂ ಕಸಿವಿಸಿಯಾಯಿತು. ಆದರೆ ಆ ಕಸಿವಿಸಿ ಟೀಚರ ಅಣ್ಣನನ್ನು ನೆನೆದು ಆದದ್ದಲ್ಲ, ಸಾಹೇಬನನ್ನು ನೆನೆದು ಆದದ್ದು.

"ಟೀಚರ್, ಬ್ರಿಟಿಷರ ವಿರುದ್ಧ ಅಂದ್ಮೇಲೆ ಒಂಥರಾ ಒಳ್ಳೇದೇ ಅಲ್ವಾ?" ಎಂದರು. "ಈಗ ಕೆತ್ತಿಸಿ ಆಗಿದೆ, ಖಲಾಸ್. ನಮ್ಮೋರಲ್ಲಿ ಯಾರಿಗೆ ಗೊತ್ತಾಗುತ್ತೆ ಹೇಳಿ."

"ನನಗೆ ಗೊತ್ತುಂಟಲ್ಲ," ಅಂದರು ಟೀಚರು.

ಕಾರ್ಯದರ್ಶಿ ಚಹಾ ಮುಗಿಸಿ, ನೋಡೋಣ ಟೀಚರ್ ಎಂದು ಎದ್ದರು. ಅಂದು ಸಂಜೆಯೇ ವಿಷಯ ಟೀಚರ ಮಗನ ಕಿವಿಗೆ ಮುಟ್ಟಿತು. ಮುಟ್ಟಿಸಿದವರು ಯಾರೆಂದು ನಾನು ಹೇಳಬೇಕಿಲ್ಲ. ಅವನು ಮೆತ್ತನೆಯ ಮನುಷ್ಯ, ಸಾಹೇಬನ ಕೈಕೆಳಗೇ ಖರೀದಿ ವಿಭಾಗದಲ್ಲಿ ಇದ್ದವನು. ಅವನು ಕೆಲಸದಿಂದ ಬಂದಾಗ ನಾನು ಮೇಲಿನ ಮನೆಯಲ್ಲೇ ಇದ್ದೆ. ಏಳಹೊರಟವಳನ್ನು ಟೀಚರು ಕೈಸನ್ನೆ ಮಾಡಿ ಕೂರಿಸಿದರು. ಅವನು ನನಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದ.

"ಮಮ್ಮಿ, ನಿಮ್ಮ ವೀಸಾ ನನ್ನ ಮೇಲೆ, ನನ್ನ ವೀಸಾ ಸಾಹೇಬರ ಕಂಪನಿ ಮೇಲೆ," ಎಂದ. "ನೀವು ಮಾತಾಡಿದ್ರೆ ನಾವಿಬ್ರೂ ಊರಿಗೆ. ಮಾಮ ಹೇಗೂ ವಾಪಸ್ ಬರುದಿಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಟೀಚರು ಅವನಿಗೆ ಅನ್ನ ಬಡಿಸಿ, ಯೋಚನೆ ಮಾಡುತ್ತೇನೆ ಎಂದರು. ಹಾಗೆ ಬಾಯಿಮಾತಿಗೆ ಅಂದದ್ದಲ್ಲ. ಆ ವಾರವೆಲ್ಲ ಅವರು ಒದ್ದಾಡಿದ್ದನ್ನು ನಾನು ಕಂಡಿದ್ದೇನೆ. ಈ ಊರನ್ನು ಅವರು ಇಷ್ಟಪಡುತ್ತಿದ್ದರು. ಆಸ್ಪತ್ರೆಗೆ ಹೋದರೆ ಡಾಕ್ಟರು ಅವರ ಹಳೆಯ ವಿದ್ಯಾರ್ಥಿ, ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿ ಕೂತವಳು ಅವರ ವಿದ್ಯಾರ್ಥಿನಿ. ಗಂಡನ ಜೊತೆ ಸಂಸಾರ ಹೂಡಿದ್ದು ಇಲ್ಲಿ, ಮಗ ಹುಟ್ಟಿದ್ದು ಇಲ್ಲಿ. ಆಫ್ರಿಕಾ ಬಿಟ್ಟಾಗ ಒಂದು ಸಲ, ಊರು ಬಿಟ್ಟಾಗ ಒಂದು ಸಲ ಗಂಟುಮೂಟೆ ಕಟ್ಟಿದವರು. ಈ ವಯಸ್ಸಿನಲ್ಲಿ ಇನ್ನೊಮ್ಮೆ ಕಟ್ಟು ಎಂದರೆ ಯಾರಿಗೆ ಬೇಕು? ಎಂದೋ ಆಗಿಹೋದದ್ದನ್ನೆಲ್ಲ ಹೇಳಿ ಮಗನ ಅನ್ನಕ್ಕೆ ಕಲ್ಲು ಹಾಕುವುದು ಯಾವ ತಾಯಿಗೆ ಸುಲಭ? ಒಂದು ಸಂಜೆ ಮೀನು ಕೊಯ್ಯುತ್ತಾ, ಕೆಲವು ಸಲ ಸುಮ್ಮನಿರುವುದೂ ಪ್ರೀತಿಯೇ ಅಲ್ಲವಾ ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. ಅವರು ಮುಂದಿನ ಮೀನು ಎತ್ತಿಕೊಂಡರು.

ಕಾರ್ಯಕ್ರಮ ಅಲ್ ಥುಮಾಮಾ ಕಡೆಯ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಸಾಹೇಬ ಹೆಂಡತಿಯ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ. ಮಕ್ಕಳ ಕೈ ಕುಲುಕಿದ, ಕೊಟ್ಟ ಮೈಸೂರುಪಾಕನ್ನು ಹೊಗಳಿ ತಿಂದ. ಟೀಚರು ಇಸ್ತ್ರಿ ಮಾಡಿದ ಬಿಳಿ ಹತ್ತಿ ಸೀರೆಯುಟ್ಟು ತೀರ್ಪುಗಾರರ ಮೇಜಿನಲ್ಲಿದ್ದರು. ಎಲ್ಲ ಮಕ್ಕಳ ಭಾಷಣವನ್ನೂ ಗಮನವಿಟ್ಟು ಕೇಳಿದರು. ಕಾರ್ಯದರ್ಶಿ ಧೀಮಂತ ಹೋರಾಟಗಾರನ ಪರಿಚಯವನ್ನು ಮೈಕಿನಲ್ಲಿ ಓದಿದಾಗಲೂ ಮಿಸುಕಲಿಲ್ಲ. ಸುಮ್ಮನಿರಲು ನಿರ್ಧರಿಸಿದ್ದಾರೆ ಎಂದುಕೊಂಡೆ. ಸಮಾಧಾನವೂ ಆಯಿತು.

ಆಮೇಲೆ ಗೆದ್ದ ಮಗುವಿಗೆ ಶೀಲ್ಡ್ ಕೊಡಲು ಅವರನ್ನು ಕರೆದರು. ಟೀಚರು ವೇದಿಕೆ ಹತ್ತಿ, ಶೀಲ್ಡನ್ನು ಮೇಜಿನ ಮೇಲಿಟ್ಟು, ಮೈಕಿನ ಮುಂದೆ ನಿಂತು ಮೊದಲು ಕನ್ನಡದಲ್ಲಿ, ಮತ್ತೆ ಸಾಹೇಬನಿಗಾಗಿ ಇಂಗ್ಲಿಷಿನಲ್ಲಿ ಹೇಳಿದರು: ಈ ಶೀಲ್ಡಿನಲ್ಲಿ ಹೆಸರಿರುವ ಮಂತ್ರಿಯನ್ನು ನಾನು ಬಲ್ಲೆ, ಅವರ ಕೋಟು ಹೊಲಿಯುತ್ತಿದ್ದದ್ದು ನನ್ನ ಅಪ್ಪ. ಸಾಹೇಬ ಕುರ್ಚಿಯಿಂದ ಜಿಗಿದೆದ್ದ. ವೇದಿಕೆಗೆ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ. ತಾತ ಆ ನೀಲಿ ಸೂಟಿನಲ್ಲಿರುವ ಫೋಟೋ ತನ್ನ ಮನೆಯ ಗೋಡೆಯ ಮೇಲಿದೆ, ತನ್ನ ಇಂಡಿಯನ್ ದರ್ಜಿಯನ್ನು ತಾತ ಸದಾ ಹೊಗಳುತ್ತಿದ್ದ ಎಂದು ಸಭೆಗೆ ಹೇಳಿದ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಕಾರ್ಯದರ್ಶಿಯ ಮುಖದಲ್ಲಿ ಜೀವ ಬಂತು, ಫೋಟೋದವನನ್ನು ಕರೆದರು.

ಟೀಚರು ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಕಾದರು. ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ಆಮೇಲೆ ಅಂಗಡಿಯ ಬೀದಿ, ಅಣ್ಣನ ಲಾರಿ, ಗಾಜು ಇಳಿದ ಕಾರು, ಅಷ್ಟನ್ನೂ ನಾಲ್ಕೇ ಮಾತಿನಲ್ಲಿ ಹೇಳಿದರು. ದನಿ ಎಲ್ಲೂ ಏರಲಿಲ್ಲ. ಮಗುವೊಂದು ಚಿಪ್ಸಿನ ಪೊಟ್ಟಣ ಹರಿದ ಸದ್ದು ಇಡೀ ಸಭಾಂಗಣಕ್ಕೆ ಕೇಳಿತು.

"ನನ್ನ ತಾಯಿ ಆ ದಿನ ಒಂದು ಪ್ರಶ್ನೆ ಕೇಳಿದ್ರು, ಅದಕ್ಕೆ ಈವತ್ತಿನ ತನಕ ಉತ್ತರ ಸಿಕ್ಕಿಲ್ಲ," ಎಂದರು. "ಇವರತ್ರ ಕೇಳ್ತೇನೆ. ನನ್ನ ಅಣ್ಣ ಸತ್ತದ್ದು ಯಾರ ಸ್ವಾತಂತ್ರ್ಯಕ್ಕೆ, ನಮ್ಮದಕ್ಕಾ, ಅವರದ್ದಕ್ಕಾ?"

ಅದನ್ನೇ ಇಂಗ್ಲಿಷಿನಲ್ಲೂ ಕೇಳಿದರು. ಸಾಹೇಬನ ಮುಖ ಬಿಳುಚಿತು. ಅಂಥವರು ಹೇಳುವುದನ್ನೇ ಅವನೂ ಹೇಳಿದ: ಅದು ಬೇರೆಯೇ ಕಾಲ, ಮೇಡಂ. ಟೀಚರು ತಲೆಯಾಡಿಸಿದರು. ಕಾಲ ಬೇರೆಯಲ್ಲ, ನಿಮ್ಮ ತಾತನೂ ನನ್ನ ಅಣ್ಣನೂ ಇದ್ದದ್ದು ಒಂದೇ ಕಾಲದಲ್ಲಿ ಎಂದರು. ಅಷ್ಟು ಹೇಳಿ ಗೆದ್ದ ಮಗುವನ್ನು ಹತ್ತಿರ ಕರೆದು, ಶೀಲ್ಡ್ ಕೊಟ್ಟು, ತಲೆ ಸವರಿ, ತುಂಬಾ ಚಂದ ಮಾತಾಡಿದಿ ಎಂದು ಹೇಳಿ ಕೆಳಗಿಳಿದರು. ಊಟಕ್ಕೆ ನಿಂತಾಗ ಅವರ ಸುತ್ತ ನಾನು, ನನ್ನ ಮಗಳು, ಅವರ ಮಗ ಬಿಟ್ಟರೆ ಯಾರೂ ಇರಲಿಲ್ಲ. ವರ್ಷಗಟ್ಟಲೆ ಅವರ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಮಾಲ್ ಸುತ್ತಲು ಹೋಗುತ್ತಿದ್ದವರು ಅವತ್ತು ಪಲಾವಿನ ಪಾತ್ರೆಯ ಕಡೆಗೇ ನೋಡುತ್ತಿದ್ದರು.

ಕೆಲವು ತಿಂಗಳಲ್ಲಿ ಟೀಚರ ಮಗನ ಹುದ್ದೆಯೇ ಇಲ್ಲವಾಯಿತು. ಕಂಪನಿ ಖರ್ಚು ಕಡಿಮೆ ಮಾಡುತ್ತಿದೆ ಎಂದರು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವವರು ಈಗಲೂ ಇದ್ದಾರೆ. ನನ್ನ ಹತ್ತಿರ ಪುರಾವೆಯಿಲ್ಲ. ಖರೀದಿ ವಿಭಾಗದಲ್ಲಿ ಹೋದದ್ದು ಅವನೊಬ್ಬನ ಹುದ್ದೆ ಮಾತ್ರ ಎಂಬುದು ಗೊತ್ತು. ಅವನು ತಾಯಿಯ ಮೇಲೆ ರೇಗಲಿಲ್ಲ, ಒಂದು ಮಾತೂ ಅನ್ನಲಿಲ್ಲ. ಪೆಟ್ಟಿಗೆ ಕಟ್ಟುವಾಗ ಮಾತ್ರ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಅಳುತ್ತಿದ್ದ. ಅವನು ಮಸ್ಕತ್ತಿಗೆ ಹೋದ. ಟೀಚರು ಮಂಗಳೂರಿನಲ್ಲಿ ಗಂಡನ ತಂಗಿಯ ಮನೆ ಸೇರಿದರು.

ಪ್ರತಿ ಶನಿವಾರ ಫೋನಿನಲ್ಲೇ ನನ್ನ ಮಗಳಿಗೆ ಪಾಠ ಮುಂದುವರಿಯಿತು. ಒಮ್ಮೆ, ನಿಮಗೆ ಪಶ್ಚಾತ್ತಾಪ ಆಗೋಲ್ವಾ ಟೀಚರ್ ಎಂದು ಕೇಳಿಬಿಟ್ಟೆ.

"ಬೇಜಾರು ಉಂಟು. ತಪ್ಪು ಮಾಡಿದೆ ಅಂತ ಇಲ್ಲ," ಎಂದರು. "ಎರಡೂ ಒಟ್ಟಿಗೆ ಇರ್ಲಿಕ್ಕೆ ಆಗ್ತದೆ ಮಾರಾಯ್ತಿ."

ಈ ವರ್ಷ ಅವರು ಹೋದರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದವರು ಮನೆಗೆ ಮರಳಲಿಲ್ಲ. ಮಗ ಮಸ್ಕತ್ತಿನಿಂದ ಓಡಿಬಂದು ಮುಖ ನೋಡಿದ. ಸುದ್ದಿ ತಿಳಿದ ಕೂಡಲೇ ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿಯ ಸಂದೇಶ ಬಂತು. ಸೌಮ್ಯ ಸ್ವಭಾವದ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದ ಹಿರಿಯ ಶಿಕ್ಷಕಿ, ವೈಯಕ್ತಿಕ ಕಾರಣಗಳಿಂದ ದೋಹಾ ತೊರೆದಿದ್ದರು, ಆತ್ಮಕ್ಕೆ ಶಾಂತಿ ಸಿಗಲಿ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು ಇಳಿಯತೊಡಗಿತು.

ಒಬ್ಬ ಮಂತ್ರಿ ಒಂದು ದೇಶಕ್ಕೆ ದೇಶವನ್ನೇ ದೋಚಿಕೊಂಡು ಕೂತದ್ದಕ್ಕೆ ನಮ್ಮವರ ಬಾಯಲ್ಲಿ ಹೋರಾಟ ಎಂದು ಹೆಸರು. ಒಬ್ಬ ಹೆಂಗಸು ಮನೆ, ಮಗನ ಕೆಲಸ, ಊರು ಎಲ್ಲವನ್ನೂ ಪಣಕ್ಕಿಟ್ಟು ಒಂದು ಪ್ರಶ್ನೆ ಕೇಳಿದ್ದಕ್ಕೆ ವೈಯಕ್ತಿಕ ಕಾರಣ ಎಂದು ಹೆಸರು. ನಾನು ಬರೆದೆ. ಅವರು ಹೊಂದಿಕೊಂಡು ಹೋಗಲಿಲ್ಲ, ಹೊಂದಿಕೊಂಡು ಹೋದವರು ನಾವು ಎಂದು ಬರೆದೆ. ಶೀಲ್ಡಿನ ಮೇಲಿನ ಒಂದು ಸುಳ್ಳು ಪದವನ್ನು ಒಪ್ಪದ್ದಕ್ಕೆ ಅವರು ಈ ಊರು ಬಿಡಬೇಕಾಯಿತೆಂದೇ ನಾನು ನಂಬಿದ್ದೇನೆ, ಆ ಪದ ಇವತ್ತಿಗೂ ಅಲ್ಲೇ ಇದೆ, ಮೊನ್ನೆ ಮೊನ್ನೆ ಇನ್ನೊಂದು ಮಗುವಿನ ಕೈಗೆ ಹೋಗಿದೆ ಎಂದು ಬರೆದೆ. ಕೈಮುಗಿಯುವುದು ಅಲ್ಲಿಗೆ ನಿಂತಿತು.

ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಯ ಫೋನು. ಸಿಟ್ಟಿನಲ್ಲಿರಲಿಲ್ಲ, ಕಾಳಜಿಯಲ್ಲಿದ್ದರು. ಗುಂಪಿನಲ್ಲಿ ಆ ಕಂಪನಿಯವರೂ ಇದ್ದಾರೆ, ನಿಮ್ಮ ಯಜಮಾನರ ಆಫೀಸಿಗೂ ಆ ಕಂಪನಿಗೂ ವ್ಯವಹಾರವಿದೆ, ಯಾಕೆ ಸುಮ್ಮನೆ, ಡಿಲೀಟ್ ಮಾಡಿಬಿಡಿ ಮೇಡಂ ಎಂದರು. ನನ್ನ ವೀಸಾ ನನ್ನ ಗಂಡನ ಮೇಲಿದೆ. ಗಂಡನದು ಆಫೀಸಿನ ಮೇಲಿದೆ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಗಂಡ ಎದುರಿಗೇ ಕೂತಿದ್ದರು. ಮಗಳೂ ಇದ್ದಳು.

ಆಗುವುದಿಲ್ಲ ಸಾರ್ ಎಂದು ಹೇಳಿ ಫೋನು ಇಟ್ಟೆ. ಆ ಸಂದೇಶ ಈಗಲೂ ಗುಂಪಿನಲ್ಲಿದೆ. ಅದರಲ್ಲಿ ಟೀಚರ ಪೂರ್ತಿ ಹೆಸರಿದೆ, ಅವರ ಅಣ್ಣನ ಹೆಸರಿದೆ. ಮಂತ್ರಿಯ ಹೆಸರನ್ನು ನಾನು ಬರೆದಿಲ್ಲ. ಬೇಕಾದವರು ಶೀಲ್ಡಿನ ಮೇಲೆ ಓದಿಕೊಳ್ಳಲಿ.